ಕಂಪನಿಗಳಲ್ಲಿ ಲೇಆಫ್ ಆದಾಗ ನಮ್ಮಂಥ ಡೇಕೇರ್‌ಗಳಲ್ಲಿ ಏನಾಗುತ್ತದೆ

ಈಚೆಗೆ ನನಗೆ ಒಂದೇ ಥರದ ಫೋನುಗಳು ಜಾಸ್ತಿ ಬರುತ್ತಿವೆ. ಮಗುವನ್ನು ಬಿಡಬೇಕು ಅಂತಲ್ಲ. "ಮನೆಯಲ್ಲೇ ಡೇಕೇರ್ ಶುರು ಮಾಡಬೇಕು ಅಂತಿದ್ದೇನೆ, ಹೇಗೆ ಮೇಡಂ?" ಅಂತ ಕೇಳುವವರು. ಹೆಚ್ಚಿನವರ ಕೆಲಸ ಹೋಗಿರುತ್ತದೆ, ಇಲ್ಲವೇ ಗಂಡನ ಕೆಲಸ ಹೋಗಿರುತ್ತದೆ. ಹೇಗೂ ನಮ್ಮ ಮಗುವನ್ನು ನೋಡಿಕೊಳ್ಳಲೇಬೇಕು, ಜೊತೆಗೆ ಇನ್ನು ನಾಲ್ಕು ಮಕ್ಕಳು ಬಂದರೆ ಮನೆ ಖರ್ಚು ನಡೆಯುತ್ತದೆ ಅಲ್ವಾ ಅನ್ನುತ್ತಾರೆ. ಆ ಆಸೆ ನನಗೆ ಅರ್ಥವಾಗುತ್ತದೆ. ನಾನೂ ಹೀಗೆಯೇ ಈ ಕೆಲಸಕ್ಕೆ ಬಂದವಳು.

ಆದರೆ ಎಲ್ಲರ ಕೆಲಸ ಹೋಗುತ್ತಿರುವ ಕಾಲದಲ್ಲೇ ಡೇಕೇರ್ ತೆರೆಯುವುದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ನಿಮ್ಮ ಕೆಲಸ ಹೋದ ಹೊತ್ತಿಗೆ ನಿಮ್ಮ ಬೀದಿಯಲ್ಲಿ ಇನ್ನೂ ಮೂವರದ್ದು ಹೋಗಿರುತ್ತದೆ. ಅವರು ಮಗುವನ್ನು ಡೇಕೇರ್‌ನಿಂದ ಬಿಡಿಸಿರುತ್ತಾರೆ. ಅದೇ ಬೀದಿಯಲ್ಲಿ ಹೊಸದಾಗಿ ಎರಡು ಡೇಕೇರ್ ಬೋರ್ಡು ಬಂದಿರುತ್ತವೆ. ಮಕ್ಕಳು ಕಡಿಮೆ, ನೋಡಿಕೊಳ್ಳುವವರು ಜಾಸ್ತಿ. ಫೀಸು ತಾನಾಗೇ ಇಳಿಯುತ್ತದೆ. ಹೊಸಬರಿಗೂ ಗಿಟ್ಟುವುದಿಲ್ಲ, ಹಳಬರಿಗೂ ಗಿಟ್ಟುವುದಿಲ್ಲ. ಇದನ್ನು ಫೋನಿನಲ್ಲಿ ಹೇಳಿದರೆ, ಪೈಪೋಟಿಗೆ ಹೆದರಿ ಹೇಳುತ್ತಿದ್ದಾರೆ ಅಂತ ಅನ್ನಿಸಬಹುದು. ಅದಕ್ಕೇ ನಿಧಾನವಾಗಿ, ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ನಮ್ಮ ಡೇಕೇರ್ ಇರುವುದು ಬೆಂಗಳೂರಿನ ಹುಳಿಮಾವು ಕಡೆ. ಬನ್ನೇರುಘಟ್ಟ ರಸ್ತೆಯ ಆಫೀಸುಗಳಿಗೆ ಹೋಗುವವರು, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು, ಹತ್ತಿರದ ಆಸ್ಪತ್ರೆಗಳ ನರ್ಸುಗಳು, ಹೀಗೆ ಎಲ್ಲರ ಮಕ್ಕಳೂ ಬರುತ್ತಾರೆ. ದೊಡ್ಡ ಹೆಸರಿನ ಡೇಕೇರ್ ಅಲ್ಲ. ಬಾಡಿಗೆ ಮನೆಯ ಕೆಳಗಿನ ಭಾಗ, ಇಬ್ಬರು ಆಯಾಗಳು, ಒಂದು ಅಡುಗೆಮನೆ, ಮಕ್ಕಳು ಓಡಾಡಲು ಒಂದಿಷ್ಟು ಅಂಗಳ. ಬೆಂಗಳೂರಿನಲ್ಲಿ ಇಂಥವು ಎಷ್ಟಿವೆ ಅಂತ ಯಾರೂ ಎಣಿಸಿರಲಿಕ್ಕಿಲ್ಲ. ಯಾವ ಬಡಾವಣೆಗೆ ಹೋದರೂ ಒಂದು ಗೇಟಿಗಾದರೂ 'ಬೇಬಿ ಸಿಟ್ಟಿಂಗ್' ಬೋರ್ಡು ಕಟ್ಟಿರುತ್ತದೆ.

ಈಗ ಲೆಕ್ಕ. ಇದು ನನ್ನದೇ ಡೇಕೇರಿನ ಲೆಕ್ಕ ಅಲ್ಲ, ಅರ್ಥವಾಗಲಿ ಅಂತ ಸುಲಭದ ಅಂಕಿಗಳನ್ನು ತೆಗೆದುಕೊಂಡಿದ್ದೇನೆ. ಹತ್ತು ಮಕ್ಕಳು, ತಲಾ 8,000 ರೂಪಾಯಿ ಫೀಸು ಅಂದುಕೊಳ್ಳಿ. ತಿಂಗಳಿಗೆ 80,000 ಬಂತು. ಕೇಳಿದವರು ಅಬ್ಬಾ ಅನ್ನುತ್ತಾರೆ. ಅದರಲ್ಲಿ ಬಾಡಿಗೆ 28,000. ಇಬ್ಬರು ಆಯಾಗಳಿಗೆ ತಲಾ 12,000, ಅಂದರೆ 24,000. ಹಾಲು, ಹಣ್ಣು, ರಾಗಿ ಸರಿ, ಗ್ಯಾಸು, ಕರೆಂಟು, ನೀರು, ಫಿನಾಯಿಲು, ಸೋಪು ಎಲ್ಲ ಸೇರಿ 12,000. ಕೊನೆಗೆ ನಡೆಸುವವಳ ಕೈಯಲ್ಲಿ ಉಳಿಯುವುದು 16,000. ಬೆಳಿಗ್ಗೆ ಎಂಟರಿಂದ ರಾತ್ರಿ ಏಳೂವರೆವರೆಗೆ ನಿಂತ ಕಾಲಲ್ಲಿ ದುಡಿದಿದ್ದಕ್ಕೆ ಇಷ್ಟು.

ಈಗ ಎರಡೇ ಎರಡು ಮಕ್ಕಳು ಬಿಟ್ಟುಹೋದರು ಅಂದುಕೊಳ್ಳಿ. 16,000 ಬರುವುದು ನಿಂತಿತು. ಬಾಡಿಗೆ ಕಡಿಮೆ ಆಗುವುದಿಲ್ಲ. ಆಯಾಗಳಲ್ಲಿ ಒಬ್ಬರನ್ನು ಬಿಡಿಸೋಣ ಅಂದರೆ ಎಂಟು ಮಕ್ಕಳಲ್ಲಿ ಮೂವರು ಇನ್ನೂ ಡಯಾಪರ್ ಹಾಕುವ ವಯಸ್ಸಿನವರು. ಒಬ್ಬರು ಒಂದು ಮಗುವನ್ನು ತೊಳೆಸಲು ಹೋದಾಗ ಇನ್ನೊಬ್ಬರು ಉಳಿದವರ ಜೊತೆ ಇರಲೇಬೇಕು. ಹಾಲು ಹಣ್ಣಿನಲ್ಲಿ ಹೆಚ್ಚೆಂದರೆ 2,000 ಉಳಿಯಬಹುದು. ಅಂದರೆ ಹತ್ತರಲ್ಲಿ ಎರಡು ಮಕ್ಕಳು ಹೋದರೆ ವ್ಯಾಪಾರ ಐದರಲ್ಲಿ ಒಂದು ಭಾಗ ಕಡಿಮೆಯಾಯಿತು ಅಂತ ಹೊರಗಿನವರಿಗೆ ಕಾಣುತ್ತದೆ, ಒಳಗೆ ನಡೆಸುವವಳ ಸಂಪಾದನೆ ಹೆಚ್ಚುಕಡಿಮೆ ಪೂರ್ತಿ ಹೋಗಿರುತ್ತದೆ. ಮೂರನೆಯ ಮಗುವೂ ಹೋದರೆ ಅವಳು ಕೈಯಿಂದ ಹಾಕಿ ನಡೆಸಬೇಕು. ನನ್ನ ಪ್ರಕಾರ ಈ ಕೆಲಸದ ಎಲ್ಲ ಕಷ್ಟವೂ ಈ ಲೆಕ್ಕದಲ್ಲೇ ಇದೆ.

ಇದು ಒಂದೇ ದಿನ ಆಗುವುದೂ ಅಲ್ಲ. ಲೇಆಫ್ ಅನ್ನುವುದು ಪೇಪರಿನಲ್ಲಿ ಬರುವ ಮೊದಲೇ ನಮಗೆ ಗೊತ್ತಾಗುತ್ತದೆ. ಪ್ರತಿ ತಿಂಗಳು ಐದನೇ ತಾರೀಖಿಗೆ ಫೀಸು ಹಾಕುವವರು ಹದಿನೈದಕ್ಕೆ ಹಾಕುತ್ತಾರೆ. ಆಮೇಲೆ "ಮೇಡಂ, ಈ ತಿಂಗಳಿಂದ ಹಾಫ್ ಡೇ ಸಾಕು, ಮಧ್ಯಾಹ್ನ ಇವರು ಮನೆಯಲ್ಲೇ ಇರ್ತಾರೆ" ಅನ್ನುತ್ತಾರೆ. ಇವರು ಯಾಕೆ ಮಧ್ಯಾಹ್ನ ಮನೆಯಲ್ಲಿರುತ್ತಾರೆ ಅಂತ ನಾನು ಕೇಳುವುದಿಲ್ಲ. ಶನಿವಾರ ಬರುತ್ತಿದ್ದ ಮಗು ಬರುವುದಿಲ್ಲ. ಸಂಜೆಯ ತಿಂಡಿ ಬೇಡ, ಮನೆಯಿಂದಲೇ ಡಬ್ಬಿ ಕಳಿಸುತ್ತೇವೆ ಅನ್ನುತ್ತಾರೆ. ಡಯಾಪರ್ ಒಂದು ದಿನಕ್ಕೆ ನಾಲ್ಕು ಕಳಿಸುತ್ತಿದ್ದವರು ಎರಡು ಕಳಿಸುತ್ತಾರೆ. ಡ್ರಾಪ್ ಮಾಡಲು ಕ್ಯಾಬಿನಲ್ಲಿ ಬರುತ್ತಿದ್ದವರು ಸ್ಕೂಟರಿನಲ್ಲಿ ಬರುತ್ತಾರೆ. ಆಮೇಲೆ ಒಂದು ದಿನ ಆ ಮಾತು ಬರುತ್ತದೆ: "ಊರಿಂದ ಅಜ್ಜಿ ಬರ್ತಿದ್ದಾರೆ."

ಆ ಮಾತು ಬಂದರೆ ಮಗು ಹೊರಟಿತು ಅಂತಲೇ. ಅಜ್ಜಿ ಶಿವಮೊಗ್ಗದಿಂದಲೋ ದಾವಣಗೆರೆಯಿಂದಲೋ ಬರುತ್ತಾರೆ, ಅಲ್ಲಿನ ಮನೆ, ಹಸು, ಗೆಳತಿಯರು, ಡಾಕ್ಟರು ಎಲ್ಲ ಬಿಟ್ಟು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಎರಡು ವರ್ಷದ ಮಗುವಿನ ಹಿಂದೆ ಓಡಬೇಕು. ಮಂಡಿನೋವು ಇರುತ್ತದೆ, ಬಿಪಿ ಇರುತ್ತದೆ. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ, ಅವರೂ ಕೇಳುವುದಿಲ್ಲ. ಡೇಕೇರಿಗೆ ಕೊಡುತ್ತಿದ್ದ ಫೀಸು ಉಳಿಯಿತು ಅಂತ ಮಗ ಸೊಸೆ ಲೆಕ್ಕ ಹಾಕುತ್ತಾರೆ. ಕೆಲಸವೇನೂ ಕಡಿಮೆಯಾಗಲಿಲ್ಲ, ಅದಕ್ಕೆ ದುಡ್ಡು ಪಡೆಯುವವರ ಕೈಯಿಂದ ಪಡೆಯದವರ ಕೈಗೆ ಹೋಯಿತು, ಅಷ್ಟೇ. ನಾನು ಯಾರನ್ನೂ ದೂರುತ್ತಿಲ್ಲ. ಇಎಂಐ ಕಟ್ಟಬೇಕು, ಸ್ಕೂಲಿಗೆ ಹೋಗುವ ದೊಡ್ಡ ಮಗುವಿನ ಫೀಸು ಕಟ್ಟಬೇಕು. ಮೊದಲು ಎಲ್ಲಿ ಕತ್ತರಿ ಹಾಕಬಹುದು ಅಂತ ನೋಡಿದಾಗ ನಮ್ಮ ಫೀಸೇ ಕಣ್ಣಿಗೆ ಬೀಳುತ್ತದೆ. ಸ್ಕೂಲು ಬಿಡಿಸಿದರೆ ಮತ್ತೆ ಸೀಟು ಸಿಗುವುದಿಲ್ಲ ಅನ್ನುವ ಭಯ ಇರುತ್ತದೆ. ಡೇಕೇರ್ ಬಿಡಿಸಲು ಆ ಭಯ ಇಲ್ಲ.

ಕೆಲಸ ಹೋದವರಿಗೆ ಏನಾದರೂ ಒಂದಿಷ್ಟು ಕೈಗೆ ಬರುತ್ತದೆ. ಎರಡು ಮೂರು ತಿಂಗಳ ಸಂಬಳ, ನೋಟಿಸ್ ಪೀರಿಯಡ್ ಹಣ, ಪಿಎಫ್, ವರ್ಷ ಜಾಸ್ತಿ ಆಗಿದ್ದರೆ ಗ್ರಾಚ್ಯುಯಿಟಿ. ಸಾಲದು ಅಂತ ಗೊತ್ತು, ಆದರೂ ಏನೋ ಒಂದು. ನಮಗೆ ವಾಟ್ಸಾಪಿನಲ್ಲಿ ಒಂದು ಮೆಸೇಜು ಬರುತ್ತದೆ, ನಾಳೆಯಿಂದ ಮಗು ಬರುವುದಿಲ್ಲ ಅಂತ. ಪಿಎಫ್ ಇಲ್ಲ, ಇಎಸ್ಐ ಇಲ್ಲ. ಸ್ವಂತ ಉದ್ಯೋಗ ಅಂತ ಹೇಳಿಕೊಳ್ಳಲು ಹೆಮ್ಮೆ ಇದೆ, ನನಗೂ ಇದೆ, ಆದರೆ ಕಷ್ಟ ಬಂದಾಗ ನಾವು ನೌಕರರೂ ಅಲ್ಲ, ಕಂಪನಿಯೂ ಅಲ್ಲ.

2020 ಬಂದಾಗ ಇದು ಎಷ್ಟು ನಿಜ ಅಂತ ಗೊತ್ತಾಯಿತು. ಆ ವರ್ಷ ಮಾರ್ಚ್ 14ರಿಂದಲೇ ರಾಜ್ಯದಲ್ಲಿ ಮಾಲು, ಥಿಯೇಟರು ಎಲ್ಲ ಮುಚ್ಚಿಸಿದ್ದರು. ಮಾರ್ಚ್ 25ರಿಂದ ದೇಶವೇ ಬಂದ್. ಮಕ್ಕಳು ಬರುವುದು ನಿಂತಿತು. ಆಮೇಲೆ ಅಂಗಡಿ ತೆರೆದವು, ಬಸ್ಸು ಓಡಿದವು, ಮದುವೆ ಛತ್ರಗಳೂ ತೆರೆದವು. ಚಿಕ್ಕಮಕ್ಕಳ ಸರದಿ ಎಲ್ಲರಿಗಿಂತ ಕೊನೆಗೆ ಬಂತು. ಕರ್ನಾಟಕದಲ್ಲಿ ಅಂಗನವಾಡಿ, ಎಲ್‌ಕೆಜಿ, ಯುಕೆಜಿ ಮತ್ತೆ ತೆರೆದದ್ದು 2021ರ ನವೆಂಬರ್ 8ಕ್ಕೆ. ಹೆಚ್ಚುಕಡಿಮೆ ಇಪ್ಪತ್ತು ತಿಂಗಳು. ಅಷ್ಟು ಕಾಲ ಖಾಲಿ ಮನೆಗೆ ಬಾಡಿಗೆ ಕಟ್ಟಿಕೊಂಡು ಯಾವ ಸಣ್ಣ ಡೇಕೇರ್ ಉಳಿಯುತ್ತದೆ ಹೇಳಿ. ಮಕ್ಕಳ ಆರೋಗ್ಯದ ವಿಷಯ, ಮುಚ್ಚಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮುಚ್ಚಿಸಿದವರು ಮುಚ್ಚಿದವರ ಹೊಟ್ಟೆಪಾಡು ನೋಡಬೇಕಿತ್ತು ಅಂತ ಹೇಳುತ್ತಿದ್ದೇನೆ.

ಆಗ ರಿಸರ್ವ್ ಬ್ಯಾಂಕ್ ಸಾಲದ ಕಂತು ಮುಂದೂಡಲು ಅವಕಾಶ ಕೊಟ್ಟಿತು, ಮೊದಲು ಮೂರು ತಿಂಗಳು, ಆಮೇಲೆ 2020ರ ಆಗಸ್ಟ್ 31ರವರೆಗೆ. ಬಡ್ಡಿ ಮಾತ್ರ ನಿಲ್ಲಲಿಲ್ಲ, ಅದು ಬೆಳೆಯುತ್ತಲೇ ಇತ್ತು. ಮನೆ ಬಾಡಿಗೆಗೆ ಅಂಥ ಅವಕಾಶವೂ ಇರಲಿಲ್ಲ. ನಮ್ಮಲ್ಲಿ ಬಹಳ ಜನರನ್ನು ಸ್ವಲ್ಪ ಕಾಲ ಕಾಪಾಡಿದ್ದು ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮೊದಲೇ ಅಡ್ವಾನ್ಸ್ ಕೊಡುವ ಪದ್ಧತಿ ಇತ್ತಲ್ಲ, ಓನರುಗಳು ತಿಂಗಳು ತಿಂಗಳು ಅದರಲ್ಲಿ ಮುರಿದುಕೊಂಡರು. ಒಡವೆ ಅಡ ಇಟ್ಟು, ಚೀಟಿ ಎತ್ತಿ, ಅಣ್ಣತಮ್ಮಂದಿರ ಹತ್ತಿರ ಕೇಳಿ ಹೊಂದಿಸಿದ ಅಡ್ವಾನ್ಸ್ ಅದು. ಅದು ಮುಗಿದ ತಿಂಗಳು ಖಾಲಿ ಮಾಡಿ ಹೋದರು. ತೊಟ್ಟಿಲು, ಪುಟ್ಟ ಕುರ್ಚಿಗಳು, ಜಾರುಬಂಡಿ ಎಲ್ಲ ಬಂದ ರೇಟಿಗೆ ಮಾರಿದರು. ನನಗೆ ಪರಿಚಯದ ಒಬ್ಬರು, ನನಗಿಂತ ಎಷ್ಟೋ ಚೆನ್ನಾಗಿ ನಡೆಸುತ್ತಿದ್ದವರು, ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಮಾಡಿಕೊಡುತ್ತಾರೆ. ವಾಪಸ್ ಬನ್ನಿ ಅಂದರೆ, ಮತ್ತೆ ಅಷ್ಟು ದುಡ್ಡು ಎಲ್ಲಿಂದ ತರಲಿ ಅನ್ನುತ್ತಾರೆ.

ಪರಿಹಾರದ ಪಟ್ಟಿಗಳು ನನಗೆ ಇವತ್ತಿಗೂ ನೆನಪಿವೆ. 2020ರ ಮೇ ತಿಂಗಳಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಅಗಸರಿಗೆ, ಕ್ಷೌರಿಕರಿಗೆ, ಆಟೋ ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿ. 2021ರಲ್ಲಿ ಎರಡನೇ ಅಲೆ ಬಂದಾಗ ಮತ್ತೆ 1,250 ಕೋಟಿಯ ಪ್ಯಾಕೇಜ್, ಅದರಲ್ಲಿ ಟೈಲರ್, ಮೆಕ್ಯಾನಿಕ್, ಕುಂಬಾರರು, ಮನೆಗೆಲಸದವರು ಇವರಿಗೆಲ್ಲ 2,000. ಜೂನ್‌ನಲ್ಲಿ ಇನ್ನೊಂದು ಕಂತು, ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ 5,000, ಅಂಗನವಾಡಿಯವರಿಗೂ ಆಶಾ ಕಾರ್ಯಕರ್ತೆಯರಿಗೂ ಒಂದಿಷ್ಟು. ಎಲ್ಲರಿಗೂ ಸಿಗಲೇಬೇಕಾದದ್ದು, ಇನ್ನೂ ಜಾಸ್ತಿ ಕೊಡಬೇಕಿತ್ತು. ಆದರೆ ಡೇಕೇರ್ ನಡೆಸುವವರು ಆ ಪಟ್ಟಿಗಳಲ್ಲಿ ಎಲ್ಲೂ ಇರಲಿಲ್ಲ. ನಾವು ಮನೆಗೆಲಸದವರಲ್ಲ, ಶಿಕ್ಷಕರಲ್ಲ, ಅಂಗನವಾಡಿಯವರೂ ಅಲ್ಲ. ಆ ಮೂರೂ ಕೆಲಸಗಳನ್ನು ಒಂದೇ ದಿನದಲ್ಲಿ ಮಾಡುವವರು. ಬೀದಿ ವ್ಯಾಪಾರಿಗಳಿಗೆ ಕೇಂದ್ರದವರು 2020ರ ಜೂನ್‌ನಲ್ಲಿ ಸ್ವನಿಧಿ ಅಂತ 10,000 ರೂಪಾಯಿ ಸಾಲದ ಯೋಜನೆ ತಂದರು, ಅಷ್ಟಾದರೂ ನಮಗೆ ಅಂತ ಒಂದು ಇದ್ದಿದ್ದರೆ ಎಷ್ಟೋ ಜನರ ಬಾಗಿಲು ಉಳಿಯುತ್ತಿತ್ತು.

ಬೇರೆ ದೇಶಗಳಲ್ಲಿ ಏನು ಮಾಡಿದರು ಅಂತ ಆಮೇಲೆ ಓದಿದೆ. ಬ್ರಿಟನ್ನಿನಲ್ಲಿ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರನ್ನು ಚೈಲ್ಡ್‌ಮೈಂಡರ್ ಅನ್ನುತ್ತಾರೆ. ಅವರೂ ನಮ್ಮ ಹಾಗೇ ಸ್ವಂತ ಉದ್ಯೋಗದವರು. 2020ರಲ್ಲಿ ಅಲ್ಲಿನ ಸರ್ಕಾರ ಸ್ವಂತ ಉದ್ಯೋಗದವರಿಗೆ ಹಿಂದಿನ ವರ್ಷಗಳ ಲಾಭದ ಲೆಕ್ಕ ನೋಡಿ, ಅದರ ಶೇ. 80ರಷ್ಟನ್ನು ಮೂರು ತಿಂಗಳಿಗೆ ಸೇರಿಸಿ, 7,500 ಪೌಂಡ್ ಮೀರದ ಹಾಗೆ ಕೊಟ್ಟಿತು. ತೆರಿಗೆ ಲೆಕ್ಕ ಸಲ್ಲಿಸಿದ್ದವರಿಗೆ ಮಾತ್ರ ಸಿಕ್ಕಿತು, ಹೊಸದಾಗಿ ಶುರು ಮಾಡಿದವರು ಹೊರಗೆ ಉಳಿದರು, ಅದು ಬೇರೆ ಮಾತು. ಅಮೆರಿಕದಲ್ಲಿ 2021ರಲ್ಲಿ ಮಕ್ಕಳ ಆರೈಕೆ ಕೇಂದ್ರಗಳನ್ನು ಉಳಿಸಲು ಅಂತಲೇ ಸುಮಾರು 2,400 ಕೋಟಿ ಡಾಲರ್ ತೆಗೆದಿಟ್ಟರು. ಮನೆಯಲ್ಲಿ ನಡೆಸುವವರೂ ಅದರಲ್ಲಿ ಸೇರಿದ್ದರು, ಬಾಡಿಗೆಗೆ, ಸಂಬಳಕ್ಕೆ ಬಳಸಬಹುದಿತ್ತು. 2023ರ ಸೆಪ್ಟೆಂಬರಿಗೆ ಅದು ಮುಗಿಯಿತು, ಈಗ ಅವರಿಗೂ ಕಷ್ಟವೇ. ಆದರೂ ಎರಡೂ ಕಡೆ ಅದು ಸಾಧ್ಯವಾದದ್ದು ಯಾಕೆ ಅಂದರೆ, ಯಾರು ಎಲ್ಲಿ ಈ ಕೆಲಸ ಮಾಡುತ್ತಿದ್ದಾರೆ ಅಂತ ಸರ್ಕಾರದ ಹತ್ತಿರ ಒಂದು ಪಟ್ಟಿ ಇತ್ತು. ನನ್ನ ಪರಿಚಯದ ಮನೆ ಡೇಕೇರ್‌ಗಳಲ್ಲಿ ಹೆಚ್ಚಿನವು ಎಲ್ಲೂ ನೋಂದಣಿ ಆಗಿಲ್ಲ. ಕಮರ್ಷಿಯಲ್ ಮೀಟರ್ ಹಾಕಿಸು ಅಂದಾರು, ಓನರು ಒಪ್ಪಲಾರರು, ಯಾರಾದರೂ ಬಂದು ಲಂಚ ಕೇಳಿಯಾರು, ಹೀಗೆ ನೂರು ಭಯ. ಭಯಕ್ಕೆ ಕಾರಣವೂ ಇದೆ. ಆದರೆ ಪಟ್ಟಿಯಲ್ಲಿ ಇಲ್ಲದವರಿಗೆ ಪರಿಹಾರವೂ ಇಲ್ಲ.

ಆಯಾಗಳ ವಿಷಯ ಹೇಳದಿದ್ದರೆ ಈ ಮಾತು ಪೂರ್ತಿ ಆಗುವುದಿಲ್ಲ. ಡೇಕೇರ್ ನಡೆಸುವವಳಿಗೆ ಪೆಟ್ಟು ಬಿದ್ದರೆ ಅದು ಅಲ್ಲೇ ನಿಲ್ಲುವುದಿಲ್ಲ, ಅವಳಿಗಿಂತ ಬಡವಳಾದ ಇನ್ನೊಬ್ಬಳಿಗೆ ತಾಗುತ್ತದೆ. ನಮ್ಮಲ್ಲಿದ್ದ ಒಬ್ಬ ಆಯಾ ಯಾದಗಿರಿ ಕಡೆಯವರು. ಲಾಕ್‌ಡೌನ್ ಆದಾಗ ಊರಿಗೆ ಹೋದರು, ಅಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಸೇರಿಕೊಂಡರು. ಆ ವರ್ಷ ಕರ್ನಾಟಕದಲ್ಲಿ ಅದರ ದಿನಗೂಲಿ 275 ರೂಪಾಯಿ. "ಅಕ್ಕಾ, ಮಣ್ಣು ಹೊರೋದು ಕಷ್ಟ ಅಲ್ಲ, ಇಲ್ಲಿನ ಕೂಸುಗಳು ನೆನಪಾಗ್ತಾವ" ಅಂತ ಫೋನಿನಲ್ಲಿ ಅಂದರು. ಹಾಲು ಕುಡಿಯಲು ಹಟ ಮಾಡುವ ಮಗುವಿಗೂ ಅವರ ಕೈಯಲ್ಲಿ ಹೊಟ್ಟೆ ತುಂಬುತ್ತಿತ್ತು. ಮಗುವಿಗೆ ಜ್ವರ ಬರುವ ಮೊದಲೇ ಮುಖ ನೋಡಿ ಹೇಳುತ್ತಿದ್ದರು. ಇಂಥವರನ್ನು ಒಮ್ಮೆ ಕಳೆದುಕೊಂಡರೆ, ಕಾಲ ಸುಧಾರಿಸಿದ ಮೇಲೆ ಜಾಸ್ತಿ ಸಂಬಳ ಕೊಡುತ್ತೇವೆ ಅಂದರೂ ಸಿಗುವುದಿಲ್ಲ. ಅವರು ವಾಪಸ್ ಬರಲಿಲ್ಲ. ಈಗಿರುವ ಆಯಾಗಳಲ್ಲಿ ಒಬ್ಬರು ಆನೇಕಲ್ ಕಡೆಯಿಂದ ಬರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಬಸ್ ಖರ್ಚು ಉಳಿಯಿತು, ಗೃಹಲಕ್ಷ್ಮಿಯ 2,000 ಸೇರುತ್ತದೆ. ನಾನು ಸಂಬಳ ಏರಿಸಲಾಗದ ವರ್ಷದಲ್ಲಿ ಅವರು ಕೆಲಸ ಬಿಡದೆ ಉಳಿಯಲು ಅದೂ ಒಂದು ಕಾರಣ.

ಕೊರೋನಾ ಒಂದು ಥರ. 2022ರಿಂದ ಸ್ಟಾರ್ಟಪ್‌ಗಳಿಗೆ ಹೂಡಿಕೆ ಬತ್ತಿ ಜನರನ್ನು ಬಿಡಿಸಿದ್ದು ಇನ್ನೊಂದು ಥರ. ಕೊರೋನಾದಲ್ಲಿ ಎಲ್ಲರಿಗೂ ಒಟ್ಟಿಗೇ ಆಯಿತು, ಅದಕ್ಕೆ ನಾಚಿಕೆ ಇರಲಿಲ್ಲ. ಇದರಲ್ಲಿ ಒಬ್ಬೊಬ್ಬರದೇ ಹೋಗುತ್ತದೆ. ಅಪ್ಪ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಮಗುವನ್ನು ಬಿಟ್ಟು ಹೋಗುತ್ತಾರೆ, ಎಲ್ಲಿಗೆ ಹೋಗುತ್ತಾರೋ ಗೊತ್ತಿಲ್ಲ, ಮನೆಯಲ್ಲಿ ಇನ್ನೂ ಹೇಳಿರುವುದಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿದಾಗ, ಆ ಕಂಪನಿಗೆ ಸಂಬಂಧವೇ ಇಲ್ಲದ ಪೋಷಕರು ಕೂಡ ಖರ್ಚು ಹಿಡಿಯತೊಡಗಿದರು. ಕೆಲಸ ಹೋಗಬೇಕು ಅಂತಿಲ್ಲ, ಹೋಗಬಹುದು ಅನ್ನುವ ಹೆದರಿಕೆಯೇ ನಮ್ಮ ಸೀಟು ಖಾಲಿ ಮಾಡಲು ಸಾಕು.

ಐಟಿಯವರದ್ದೇ ಕಥೆ ಅಲ್ಲ ಇದು. ಪೀಣ್ಯ, ಮೈಸೂರು ರಸ್ತೆ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಮಗುವನ್ನು ವಠಾರದ ಒಬ್ಬರ ಹತ್ತಿರ ಬಿಟ್ಟು ಹೋಗುತ್ತಾರೆ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಮೂವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಇರಲೇಬೇಕಿತ್ತು. ಆದರೂ ಬೆಳಿಗ್ಗೆ ತುಂಬಿದ ಬಸ್ಸಿನಲ್ಲಿ ಹಸುಗೂಸು ಎತ್ತಿಕೊಂಡು ಹೋಗುವುದಕ್ಕಿಂತ ಪಕ್ಕದ ಮನೆಯ ಅಕ್ಕನೇ ವಾಸಿ ಅನ್ನಿಸುತ್ತದೆ. ಆ ಅಕ್ಕನಿಗೆ ಬೋರ್ಡೂ ಇಲ್ಲ, ರಸೀದಿಯೂ ಇಲ್ಲ. 2025ರ ಆಗಸ್ಟ್ ಕೊನೆಗೆ ಅಮೆರಿಕ ನಮ್ಮ ದೇಶದ ಸಾಮಾನಿನ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿತಲ್ಲ, ಅಂಥ ಹೊತ್ತಿನಲ್ಲಿ ಹೊರದೇಶದ ಆರ್ಡರು ಕಡಿಮೆಯಾದರೆ ಮೊದಲು ಓಟಿ (ಹೆಚ್ಚುವರಿ ಗಂಟೆಯ ಕೆಲಸ) ನಿಲ್ಲುತ್ತದೆ, ಆಮೇಲೆ ಕೆಲಸ. ತಾಯಿ ಮಗುವನ್ನು ಊರಿಗೆ ಬಿಟ್ಟು ಬರುತ್ತಾಳೆ. ವಾಷಿಂಗ್ಟನ್ನಿನಲ್ಲಿ ಹಾಕಿದ ಒಂದು ಸಹಿ ಪೀಣ್ಯದ ವಠಾರದಲ್ಲಿ ಮಗು ನೋಡಿಕೊಂಡು ಬದುಕುವ ಅಕ್ಕನವರೆಗೂ ಬರುತ್ತದೆ.

ದೊಡ್ಡ ಕಂಪನಿಗಳ ಕಾನೂನೂ ಒಂದಿದೆ. 2017ರಲ್ಲಿ ಹೆರಿಗೆ ರಜೆ ಕಾಯ್ದೆಗೆ ತಿದ್ದುಪಡಿ ಆಗಿ ರಜೆ 26 ವಾರ ಆಯಿತು, ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು ಅಂತಾಯಿತು. ತುಂಬ ಒಳ್ಳೆಯ ಕಾನೂನು. ಆದರೆ ಕಂಪನಿಗಳು ಒಪ್ಪಂದ ಮಾಡಿಕೊಳ್ಳುವುದು ಹತ್ತಾರು ಶಾಖೆ ಇರುವ ದೊಡ್ಡ ಡೇಕೇರ್‌ಗಳ ಜೊತೆ. ಬಡಾವಣೆಯ ಸಣ್ಣ ಡೇಕೇರ್‌ಗೆ ಬರುವುದು ಪೋಷಕರ ಸ್ವಂತ ಜೇಬಿನ ದುಡ್ಡು ಮಾತ್ರ. ಜೇಬು ಖಾಲಿಯಾದ ದಿನವೇ ನಮಗೂ ಖಾಲಿ. ಸರ್ಕಾರ ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 'ಕೂಸಿನ ಮನೆ' ಅಂತ 4,000 ಗ್ರಾಮ ಪಂಚಾಯಿತಿಗಳಲ್ಲಿ ಯೋಜನೆ ಮಾಡಿತು. ಅದನ್ನು ಕೇಳಿ ನನಗೆ ನಿಜಕ್ಕೂ ಸಂತೋಷ ಆಯಿತು. ನಗರದಲ್ಲಿ ಅಂಗನವಾಡಿ ಇದೆ, ಸಂಜೆ ನಾಲ್ಕರ ಹೊತ್ತಿಗೆ ಮುಗಿಯುತ್ತದೆ. ಆರೂವರೆಗೆ ಆಫೀಸು ಬಿಡುವ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರಬೇಕಾದ ತಾಯಿಗೆ ಅದು ಆಗಿಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಬೇಸರ ತರುವ ವಿಷಯ ಒಂದಿದೆ. ಕೆಲಸ ಹುಡುಕುವಾಗಲೇ ಮಗುವನ್ನು ನೋಡಿಕೊಳ್ಳುವವರು ಜಾಸ್ತಿ ಬೇಕು. ಇಂಟರ್‌ವ್ಯೂಗೆ ತಯಾರಾಗಬೇಕು, ಹೊಸದೇನಾದರೂ ಕಲಿಯಬೇಕು, ಎರಡು ಗಂಟೆ ಸದ್ದಿಲ್ಲದೆ ಕೂರಬೇಕು. ಆದರೆ ಕೆಲಸ ಹೋದ ತಕ್ಷಣ ಬಿಡಿಸುವುದು ಡೇಕೇರನ್ನೇ. ಅಪ್ಪನ ಕೆಲಸ ಹೋದರೆ ಅಮ್ಮ ಆಫೀಸಿಗೆ ಹೋಗುತ್ತಾಳೆ, ಅಪ್ಪ ಮಗುವನ್ನು ಸ್ವಲ್ಪ ದಿನ ನೋಡಿಕೊಂಡು ಆಮೇಲೆ ಹೇಗೋ ಮತ್ತೆ ಕಳಿಸುತ್ತಾರೆ. ಅಮ್ಮನ ಕೆಲಸ ಹೋದರೆ ಮಗು ವಾಪಸ್ ಬರುವುದು ಕಡಿಮೆ, ನಾನು ನೋಡಿದ ಹಾಗೆ. ಸ್ವಲ್ಪ ದಿನ ಮನೆಯಲ್ಲಿರಲಿ ಬಿಡು ಅಂತ ಎಲ್ಲರೂ ಹೇಳುತ್ತಾರೆ, ಆ ಸ್ವಲ್ಪ ದಿನ ವರ್ಷಗಳಾಗುತ್ತವೆ.

ಅದಕ್ಕೇ 2023ರ ನಂತರ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿದ್ದ ಮಗುವಿನ ತಾಯಿಯ ಕೆಲಸ ಹೋದರೆ, ಇಂಟರ್‌ವ್ಯೂ ಇರುವ ದಿನ ಗಂಟೆ ಲೆಕ್ಕದಲ್ಲಿ ಬಿಡಿ ಅನ್ನುತ್ತೇನೆ. ತಿಂಗಳ ಫೀಸು ಬೇಡ. ಒಬ್ಬರು ಹೀಗೆ ಬಂದು ಬಿಡುತ್ತಿದ್ದರು. ನಮ್ಮ ಆಫೀಸ್ ರೂಮು ಅಂತ ಕರೆಯುವ ಒಂದು ಸಣ್ಣ ಕೋಣೆ ಇದೆ, ಮನೆಯಲ್ಲಿ ನೆಟ್ ಸರಿಯಿಲ್ಲ ಅಂದಾಗ ಅಲ್ಲೇ ಕೂತು ಇಂಟರ್‌ವ್ಯೂ ಕೊಟ್ಟರು, ಆಚೆ ಅವರ ಮಗಳು ಅಮ್ಮ ಒಳಗಿದ್ದಾಳೆ ಅಂತ ಗೊತ್ತಾಗಿ ಬಾಗಿಲು ತಟ್ಟದ ಹಾಗೆ ಆಯಾ ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ನೀರಿನ ಆಟ ಆಡಿಸಿದರು. ಕೆಲಸ ಸಿಕ್ಕಿತು. ಆ ಮಗು ಸ್ಕೂಲಿಗೆ ಸೇರುವವರೆಗೂ ನಮ್ಮಲ್ಲೇ ಇತ್ತು. ಇದು ದಾನ ಅಲ್ಲ. ಅವರಿಗೆ ಬೇಗ ಕೆಲಸ ಸಿಕ್ಕರೆ ನನ್ನ ಸೀಟು ಬೇಗ ತುಂಬುತ್ತದೆ.

ಕಾಲ ಸುಧಾರಿಸಿದಾಗಲೂ ನಮಗೆ ತಡವಾಗಿಯೇ ಗೊತ್ತಾಗುತ್ತದೆ. ಹೊಸ ಕೆಲಸ ಸಿಕ್ಕವರು ಮೊದಲ ಮೂರು ತಿಂಗಳು ಅಜ್ಜಿಯನ್ನು ಕಳಿಸುವುದಿಲ್ಲ, ಕೆಲಸ ನಿಲ್ಲುತ್ತದಾ ನೋಡೋಣ ಅನ್ನುತ್ತಾರೆ. ಅಷ್ಟರಲ್ಲಿ ಮಗುವಿಗೆ ಮೂರು ವರ್ಷ ತುಂಬಿ ಪ್ರೀಸ್ಕೂಲಿಗೆ ಹೊರಡುತ್ತದೆ. ಅಂದರೆ ಬಿಟ್ಟುಹೋದ ಮಗು ನಮಗೆ ವಾಪಸ್ ಬರುವುದಿಲ್ಲ, ಹೊಸ ಮಗು ಹುಟ್ಟಿ, ತಾಯಿಯ ಹೆರಿಗೆ ರಜೆ ಮುಗಿದು ಬರಬೇಕು. ಅಂಗಡಿಯವರಿಗೆ ಹಳೆಯ ಗಿರಾಕಿ ಮತ್ತೆ ಬರುತ್ತಾರೆ. ನಮ್ಮ ಗಿರಾಕಿಗಳು ಬೆಳೆದುಬಿಡುತ್ತಾರೆ.

ಫೋನ್ ಮಾಡಿದವರಿಗೆ ಇಷ್ಟೆಲ್ಲ ಹೇಳಿ ಬೇಡ ಅನ್ನುತ್ತೇನಾ ಅಂದರೆ, ಇಲ್ಲ. ಈ ಕೆಲಸ ನನಗೆ ಬಹಳ ಇಷ್ಟ, ಮಕ್ಕಳ ಜೊತೆ ಇರುವುದು ಇಷ್ಟ ಇದ್ದವರು ಖಂಡಿತ ಮಾಡಿ. ಶುರುವಿನಲ್ಲಿ ಬೇರೆ ಮನೆ ಬಾಡಿಗೆಗೆ ಹಿಡಿಯಬೇಡಿ, ನೀವಿರುವ ಮನೆಯ ಹಾಲ್‌ನಲ್ಲೇ ಮೂರು ನಾಲ್ಕು ಮಕ್ಕಳಿಂದ ಶುರು ಮಾಡಿ, ಓನರಿಗೆ ಮೊದಲೇ ಹೇಳಿ. ಫೀಸನ್ನು ತಿಂಗಳ ಮೊದಲೇ ತೆಗೆದುಕೊಳ್ಳಿ, ಒಂದು ತಿಂಗಳ ಡಿಪಾಸಿಟ್ ಇರಲಿ, ಬಿಡುವವರು ಒಂದು ತಿಂಗಳು ಮೊದಲೇ ಹೇಳಬೇಕು ಅಂತ ಪತ್ರದಲ್ಲಿ ಬರೆಸಿಕೊಳ್ಳಿ. ಪರಿಚಯದವರ ಹತ್ತಿರ ಬರೆಸಿಕೊಳ್ಳಲು ಸಂಕೋಚ ಆಗುತ್ತದೆ, ಆದರೂ ಬರೆಸಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ, ಫೀಸು ಬ್ಯಾಂಕ್ ಖಾತೆಗೇ ಬರಲಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿ, ತೆರಿಗೆ ಕಟ್ಟುವಷ್ಟು ಬರದಿದ್ದರೂ ಹಾಕಿ. ಸಣ್ಣ ವ್ಯಾಪಾರಕ್ಕೆ ಕೊಡುವ ಮುದ್ರಾ ಸಾಲಕ್ಕೆ ಹೋದರೆ ಬ್ಯಾಂಕಿನವರು ನೋಡುವುದು ಇವನ್ನೇ.

ಇನ್ನೊಂದು ವಿಷಯವನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಒಂದೇ ಕಂಪನಿಯ, ಒಂದೇ ಟೆಕ್ ಪಾರ್ಕಿನ ಪೋಷಕರ ಮಕ್ಕಳಿಂದ ಸೀಟು ತುಂಬಿಸಬೇಡಿ. ಸುಲಭವಾಗಿ ತುಂಬುತ್ತದೆ, ಒಬ್ಬರು ಇನ್ನೊಬ್ಬರಿಗೆ ಹೇಳಿ ಕಳಿಸುತ್ತಾರೆ, ಖುಷಿಯೂ ಆಗುತ್ತದೆ. ಆ ಕಂಪನಿಯಲ್ಲಿ ಜನ ತೆಗೆದರೆ ಒಂದೇ ವಾರದಲ್ಲಿ ಅರ್ಧ ಡೇಕೇರ್ ಖಾಲಿ. ಈಗ ನಾನು ಬೇಕಂತಲೇ ನರ್ಸುಗಳು, ಬ್ಯಾಂಕಿನವರು, ಸ್ಕೂಲ್ ಟೀಚರುಗಳು, ಬೆಸ್ಕಾಂನವರು, ಬೇಕರಿ ಇಟ್ಟವರು ಹೀಗೆ ಬೇರೆ ಬೇರೆಯವರ ಮಕ್ಕಳಿಗೆ ಸೀಟು ಇಟ್ಟಿರುತ್ತೇನೆ. ನರ್ಸುಗಳ ಶಿಫ್ಟ್ ಸಮಯ ಹೊಂದಿಸುವುದು ಕಷ್ಟ, ರಾತ್ರಿ ಒಂಬತ್ತರವರೆಗೂ ಒಂದೊಂದು ಮಗು ಇರುತ್ತದೆ. ಆದರೆ ಎಂಥ ಕೆಟ್ಟ ವರ್ಷದಲ್ಲೂ ಅವರು ಫೀಸು ನಿಲ್ಲಿಸಿಲ್ಲ.

ಫೀಸು ಇಳಿಸಿ ಅಂತ ಕೇಳುವವರಿಗೆ ನಾನು ಇಳಿಸುವುದಿಲ್ಲ. ಒಬ್ಬರಿಗೆ ಇಳಿಸಿದರೆ ಎಲ್ಲರಿಗೂ ಇಳಿಸಬೇಕಾಗುತ್ತದೆ, ಆಮೇಲೆ ಏರಿಸಲು ಆಗುವುದಿಲ್ಲ. ಅದರ ಬದಲು ಎರಡು ತಿಂಗಳು ಕಾಲು ಭಾಗ ಫೀಸು ಕೊಡಿ, ಸೀಟು ಹಿಡಿದಿಟ್ಟಿರುತ್ತೇನೆ, ಬೇಕಾದ ದಿನ ಬಿಡಿ ಅನ್ನುತ್ತೇನೆ. ಕೆಲವರು ಒಪ್ಪುತ್ತಾರೆ. ಒಪ್ಪಿದವರಲ್ಲಿ ಹೆಚ್ಚಿನವರು ವಾಪಸ್ ಬಂದಿದ್ದಾರೆ.

ಹುಳಿಮಾವು, ಅರೆಕೆರೆ, ಬೇಗೂರು ಸುತ್ತಮುತ್ತ ಮನೆಯಲ್ಲಿ ಡೇಕೇರ್ ನಡೆಸುವ ಕೆಲವರು ಈಗ ಒಟ್ಟಾಗಿದ್ದೇವೆ. ಒಬ್ಬರಲ್ಲಿ ಮಕ್ಕಳು ಕಡಿಮೆಯಾಗಿ ಆಯಾಗೆ ಸಂಬಳ ಕೊಡಲು ಆಗದಿದ್ದರೆ, ಬಿಡಿಸುವ ಬದಲು ಬೇಕಿರುವ ಇನ್ನೊಬ್ಬರಲ್ಲಿಗೆ ಕೆಲವು ತಿಂಗಳು ಕಳಿಸುತ್ತೇವೆ. ಯಾರಾದರೂ ಮುಚ್ಚುವ ಹಾಗಾದರೆ ಅವರ ಮಕ್ಕಳನ್ನು ಹಂಚಿಕೊಳ್ಳುತ್ತೇವೆ, ಅವರನ್ನೂ ಯಾರಾದರೂ ಒಬ್ಬರು ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಒಂದು ಅರ್ಜಿ ಬರೆಯುತ್ತಿದ್ದೇವೆ. ಸಣ್ಣ ಮನೆ ಡೇಕೇರ್‌ಗಳನ್ನು ಪಟ್ಟಿ ಮಾಡಿ, ಸುರಕ್ಷತೆಯ ನಿಯಮ ಹೇಳಿ, ನಾವು ಪಾಲಿಸುತ್ತೇವೆ, ಮುಂದೆ ಇಂಥ ಕಾಲ ಬಂದಾಗ ಪರಿಹಾರದ ಪಟ್ಟಿಯಲ್ಲಿ ನಮ್ಮನ್ನೂ ಸೇರಿಸಿ, ಮನೆಯಲ್ಲೇ ನಡೆಸುವವರಿಗೆ ಮನೆ ದರದಲ್ಲೇ ಕರೆಂಟು ಕೊಡಿ ಅಂತ. ಅರ್ಜಿಗೆ ಸಹಿ ಹಾಕುವವರು, ಫೀಸಿನ ಒಪ್ಪಂದ ಪತ್ರದ ಮಾದರಿ ಬೇಕಾದವರು ಕೇಳಿ, ಕಳಿಸುತ್ತೇನೆ. ಫೋನ್ ಮಾಡುವವರು ಮಧ್ಯಾಹ್ನ ಒಂದರಿಂದ ಮೂರರ ಒಳಗೆ ಮಾಡಿ, ಮಕ್ಕಳು ಮಲಗಿರುತ್ತಾರೆ, ಆಗ ಮಾತಾಡಲು ಆಗುತ್ತದೆ.